ಚಳಿಗಾಲದ ಬೆಳಿಗ್ಗೆ ಹೈಬ್ರಿಡ್ ಕಾರು: ಎಷ್ಟು ಹೊತ್ತು ಬಿಸಿ ಮಾಡಬೇಕು, ಹೇಗೆ ಹೊರಡಬೇಕು?

ಹುತ್ತರಿ ಕಳೆದು ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ ಕೊಡಗಿನ ಹೈಬ್ರಿಡ್ ಕಾರಿನವರ ಪ್ರಶ್ನೆಗಳೂ ಶುರುವಾಗುತ್ತವೆ. ಬೆಳಿಗ್ಗೆ ಎಷ್ಟು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಬೇಕು? ಬಟನ್ ಒತ್ತಿದರೆ ಸದ್ದೇ ಬರುವುದಿಲ್ಲ, ಹಾಗಿದ್ದರೆ ಎಂಜಿನ್ ಬಿಸಿಯಾಗುವುದು ಹೇಗೆ? ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿಯೇ ಯಾಕೆ ಗುರುಗುಟ್ಟುತ್ತದೆ, ಏನಾದ್ರೂ ಕೆಟ್ಟಿದೆಯಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಲ್ಲಿಸಿಕೊಂಡು ಬಿಸಿ ಮಾಡುವ ಅಗತ್ಯ ಇಲ್ಲ. ಅರ್ಧ ನಿಮಿಷ ಸಾಕು. ಗ್ಲಾಸ್ ಮಂಜಾಗಿದ್ದರೆ ಅದು ತಿಳಿಯಾಗುವಷ್ಟು ಹೊತ್ತು. ಆಮೇಲೆ ನಿಧಾನವಾಗಿ ಹೊರಡಿ. ಹಳೆಯ ಡೀಸೆಲ್ ಜೀಪನ್ನು ಅಂಗಳದಲ್ಲಿ ಹತ್ತು ನಿಮಿಷ ಗುಡುಗುಡು ಅನ್ನಿಸಿ, ಅಷ್ಟರಲ್ಲಿ ಒಳಗೆ ಹೋಗಿ ಕಾಫಿ ಕುಡಿದು ಬರುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹೈಬ್ರಿಡ್‌ಗೆ ಅದು ಬೇಡ. ಎಂಜಿನ್ ಯಾವಾಗ ಬಿಸಿಯಾಗಬೇಕು, ಎಷ್ಟು ಬಿಸಿಯಾಗಬೇಕು ಎಂಬುದನ್ನು ಕಾರಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನೀವು ಅದಕ್ಕೆ ಅಡ್ಡ ಬರದಿದ್ದರೆ ಸಾಕು. ಚಳಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಚಿಕ್ಕ 12 ವೋಲ್ಟ್ ಬ್ಯಾಟರಿ. ಅದರ ಬಗ್ಗೆ ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ನಿಮ್ಮದು ಯಾವ ಬಗೆಯ ಹೈಬ್ರಿಡ್?

ಸ್ಟ್ರಾಂಗ್ ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ನಿಂತಿದ್ದರೂ ಮೋಟಾರ್ ಒಂದೇ ಕಾರನ್ನು ಓಡಿಸಬಲ್ಲದು. ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಹೈರೈಡರ್ ಹೈಬ್ರಿಡ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ಮಾಡೆಲ್, ಇನ್ವಿಕ್ಟೋ, ಹೋಂಡಾ ಸಿಟಿ ಹೈಬ್ರಿಡ್ ಎಲ್ಲ ಈ ಗುಂಪಿನವು. ಬಟನ್ ಒತ್ತಿದಾಗ ಮೀಟರ್‌ನಲ್ಲಿ ‘ರೆಡಿ’ ಎಂದು ಬಂದರೆ ನಿಮ್ಮದು ಇದೇ.

ಮೈಲ್ಡ್ ಹೈಬ್ರಿಡ್ ಅಂದರೆ ಮೋಟಾರ್ ಬರೀ ಸಹಾಯಕ. ಎರ್ಟಿಗಾ, ಎಕ್ಸ್‌ಎಲ್6 ಥರದ ಮಾರುತಿ ಕಾರುಗಳಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಎನ್ನುವುದು ಇದನ್ನೇ. ಓಡುವಾಗ ಎಂಜಿನ್ ಯಾವಾಗಲೂ ಓಡುತ್ತಿರುತ್ತದೆ. ಇವುಗಳನ್ನು ಮಾಮೂಲಿ ಪೆಟ್ರೋಲ್ ಕಾರಿನಂತೆಯೇ ನೋಡಿಕೊಳ್ಳಿ. ಎಂಜಿನ್ ಬಿಸಿಯಾಗುವ ತನಕ ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಅದು ದೋಷ ಅಲ್ಲ. ಮುಂದೆ ಬರೆದಿರುವುದು ಮುಖ್ಯವಾಗಿ ಸ್ಟ್ರಾಂಗ್ ಹೈಬ್ರಿಡ್‌ನವರಿಗೆ.

ಚಳಿಗೆ ಒಳಗೆ ಏನಾಗುತ್ತದೆ?

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ಬೆಳಿಗ್ಗೆ 10ರಿಂದ 14 ಡಿಗ್ರಿ ಮಾಮೂಲು. ನಮಗೆ ಕಂಬಳಿ ಬೇಕು, ಕಾರಿಗೆ ಇದು ದೊಡ್ಡ ಚಳಿಯೇ ಅಲ್ಲ. ಲಿಥಿಯಂ ಬ್ಯಾಟರಿಗೆ ಚಾರ್ಜ್ ತೆಗೆದುಕೊಳ್ಳಲು ನಿಜವಾದ ಕಷ್ಟ ಆಗುವುದು ಸೊನ್ನೆ ಡಿಗ್ರಿಗಿಂತ ಕೆಳಗೆ. ಆದ್ದರಿಂದ ದೊಡ್ಡ ಹೈಬ್ರಿಡ್ ಬ್ಯಾಟರಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮತ್ತೆ ಎಂಜಿನ್ ಯಾಕೆ ಸ್ಟಾರ್ಟ್ ಆಗುತ್ತದೆ? ಮುಖ್ಯ ಕಾರಣ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿನ ವಿಷಾನಿಲವನ್ನು ಶುದ್ಧ ಮಾಡುವ ಡಬ್ಬಿ ಅದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುವ ಈ ಡಬ್ಬಿ ಸುಮಾರು 250–300 ಡಿಗ್ರಿ ಬಿಸಿಯಾಗದೆ ಸರಿಯಾಗಿ ಕೆಲಸ ಶುರು ಮಾಡುವುದಿಲ್ಲ. ಅದನ್ನು ಬೇಗ ಬಿಸಿ ಮಾಡಲೆಂದೇ ಕಂಪ್ಯೂಟರ್ ಎಂಜಿನ್ ಓಡಿಸುತ್ತದೆ. ಜೊತೆಗೆ ಆಯಿಲ್, ಕೂಲೆಂಟ್ ಬಿಸಿಯಾಗುತ್ತವೆ. ಕೂಲೆಂಟ್ ಎಂದರೆ ಎಂಜಿನ್ ಸುತ್ತ ಹರಿದು ಅದರ ತಾಪ ಹೊತ್ತೊಯ್ಯುವ ದ್ರವ. ನಿಮ್ಮ ಹೀಟರ್‌ನ ಬಿಸಿಗಾಳಿ ಬರುವುದೂ ಇದರಿಂದಲೇ.

ಸೈಲೆನ್ಸರ್‌ನಿಂದ ಬಿಳಿ ಹಬೆ, ಎರಡು ಹನಿ ನೀರು ಬಂದರೂ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ತೋರಿಸಿ.

ಹಂತ 1: ಹಿಂದಿನ ರಾತ್ರಿ

ಬೆಳಿಗ್ಗೆಯ ಅರ್ಧ ತೊಂದರೆ ರಾತ್ರಿಯೇ ತಪ್ಪಿಸಬಹುದು. ಸಾಧ್ಯವಾದರೆ ಮಾಡಿನ ಕೆಳಗೆ ನಿಲ್ಲಿಸಿ, ಇಬ್ಬನಿ ಕಡಿಮೆ ಕೂರುತ್ತದೆ. ಒದ್ದೆ ಛತ್ರಿ, ಗಂಬೂಟು, ಹಸಿ ಚೀಲ ಕಾರಿನೊಳಗೆ ಬಿಡಬೇಡಿ. ಆ ತೇವವೇ ಬೆಳಿಗ್ಗೆ ಗ್ಲಾಸಿನ ಒಳಬದಿಗೆ ಹತ್ತುವುದು.

ಸ್ಮಾರ್ಟ್ ಕೀಯನ್ನು ಕಾರಿನಿಂದ ಕನಿಷ್ಠ ಎರಡು ಮೀಟರ್ ದೂರ ಇಡಿ. ಶೆಡ್‌ಗೆ ಅಂಟಿದ ಗೋಡೆಯ ಮೊಳೆಗೆ ನೇತುಹಾಕಿದರೆ ಕಾರೂ ಕೀಯೂ ರಾತ್ರಿಯಿಡೀ ಮಾತಾಡಿಕೊಳ್ಳುತ್ತಾ 12 ವೋಲ್ಟ್ ಬ್ಯಾಟರಿಯನ್ನು ತಿನ್ನುತ್ತವೆ.

ತೋಟದ ಮನೆಯವರಿಗೆ ಇನ್ನೊಂದು ಮಾತು. ದೊಡ್ಡ ಬ್ಯಾಟರಿಯನ್ನು ತಂಪಾಗಿಡಲು ಹಲವು ಕಾರುಗಳಲ್ಲಿ ಸೀಟಿನ ಹತ್ತಿರ ಗಾಳಿ ಎಳೆಯುವ ಜಾಲರಿ ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿ. ಕಾಫಿ ಚೀಲ, ಮೆಣಸಿನ ಚೀಲ ತಂದು ಅದಕ್ಕೆ ಒತ್ತಿ ಇಡಬೇಡಿ. ಧೂಳು ಹಿಡಿದಿದ್ದರೆ ಸ್ವಚ್ಛ ಮಾಡಿಸಿ.

ಹಂತ 2: ಬಾಗಿಲು ತೆಗೆಯಿರಿ, ಬಾನೆಟ್ ತಟ್ಟಿ

ಕಾರಿನ ಬಟನ್ ಒತ್ತುವ ಮುಂಚೆ ಶೆಡ್ ಬಾಗಿಲು ಪೂರ್ತಿ ತೆಗೆದಿರಬೇಕು. ಸದ್ದಿಲ್ಲ ಎಂದರೆ ಹೊಗೆಯೂ ಇಲ್ಲ ಎಂದುಕೊಳ್ಳುವುದೇ ಹೈಬ್ರಿಡ್‌ನ ದೊಡ್ಡ ಅಪಾಯ. ‘ರೆಡಿ’ಯಲ್ಲಿ ಬಿಟ್ಟು ಒಳಗೆ ಹೋದಿರಿ ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ಸ್ಟಾರ್ಟ್ ಆಗುತ್ತದೆ. ಮುಚ್ಚಿದ ಶೆಡ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಮನೆಗೆ ಅಂಟಿದ ಶೆಡ್ ಆದರೆ ಮಲಗಿದವರಿಗೂ ಅಪಾಯ. ಇದೊಂದರಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ.

ಬಾನೆಟ್ ಮೇಲೆ ಎರಡು ಸಲ ತಟ್ಟಿ. ಚಳಿಗೆ ಬೆಚ್ಚಗಿನ ಜಾಗ ಹುಡುಕಿ ಬೆಕ್ಕು, ಇಲಿ ಒಳಗೆ ಸೇರಿಕೊಂಡಿರುತ್ತವೆ. ಇಲಿ ವೈರ್ ಕಡಿದರೆ ರಿಪೇರಿ ಖರ್ಚು ಸಣ್ಣದಲ್ಲ. ಕೋಳಿ ಆಹಾರ, ನಾಯಿ ಊಟ ಎಲ್ಲ ಶೆಡ್‌ನಿಂದ ದೂರ ಇಡಿ. ಇನ್ನು ‘ರೆಡಿ’ ಇರುವಾಗ ಬಾನೆಟ್ ಒಳಗೆ ಕೈ ಹಾಕಲೇಬೇಡಿ, ಎಂಜಿನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು.

ಹಂತ 3: ‘ರೆಡಿ’ ಬರಲಿ, ಕೈಕಟ್ಟಿ ಕೂರಿ

ಗೇರ್ ‘ಪಿ’ಯಲ್ಲಿರಲಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಬರೀ ದೀಪ, ರೇಡಿಯೋ ಆನ್ ಆಗುತ್ತದೆ, ಕಾರು ‘ರೆಡಿ’ ಆಗುವುದಿಲ್ಲ. ಆ ಸ್ಥಿತಿಯಲ್ಲಿ ಹಾಡು ಕೇಳುತ್ತಾ ಕೂತರೆ 12 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತದೆ. ‘ರೆಡಿ’ಯಲ್ಲಿ ಮಾತ್ರ ಅದಕ್ಕೆ ಚಾರ್ಜ್ ಸಿಗುವುದು.

‘ರೆಡಿ’ ಬಂದ ಕೆಲವೇ ಸೆಕೆಂಡಿಗೆ ಎಂಜಿನ್ ಶುರುವಾಗಬಹುದು. ತಣ್ಣಗಿದ್ದಾಗ ಸದ್ದು ಸ್ವಲ್ಪ ಜಾಸ್ತಿ. ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನದು ಮೂರು ಸಿಲಿಂಡರ್ ಎಂಜಿನ್, ನಡುಕವೂ ಗೊತ್ತಾಗುತ್ತದೆ. ಅರ್ಧ ನಿಮಿಷ ಸುಮ್ನೆ ಕೂರಿ. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿ.

ಈ ಹೊತ್ತಿನಲ್ಲಿ ಜನ ಮಾಡುವ ಎಡವಟ್ಟುಗಳು ಇವು:

ರೇಸ್ ಕೊಡುವುದು. ಆಯಿಲ್ ಇನ್ನೂ ದಪ್ಪಗಿರುವಾಗ ಆಕ್ಸಿಲರೇಟರ್ ತುಳಿದರೆ ಎಂಜಿನ್ ಸವೆಯುತ್ತದೆ, ಪೆಟ್ರೋಲ್ ಹೋಗುತ್ತದೆ, ಲಾಭ ಏನೂ ಇಲ್ಲ.

‘ಎನ್’ಗೆ ಹಾಕಿ ಬಿಸಿ ಮಾಡುವುದು. ಟೊಯೋಟಾ ಬಗೆಯ ಹೈಬ್ರಿಡ್‌ಗಳಲ್ಲಿ ‘ಎನ್’ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ನಿಂತಿದ್ದಾಗ ‘ಪಿ’ ಮಾತ್ರ.

‘ಇವಿ’ ಬಟನ್ ಒತ್ತುವುದು. ಅಂದರೆ ಬರೀ ಕರೆಂಟಿನಲ್ಲಿ ಓಡು ಎಂದು ಕಾರಿಗೆ ಹೇಳುವುದು. ಎಂಜಿನ್ ತಣ್ಣಗಿದ್ದರೆ ಕಾರು ಒಪ್ಪದೆ ಇರಬಹುದು, ಒಪ್ಪಿದರೂ ಸ್ವಲ್ಪ ದೂರ ಹೋಗಿ ಎಂಜಿನ್ ಎಬ್ಬಿಸುತ್ತದೆ. ಬಿಡಿ, ಅದರ ಪಾಡಿಗೆ ಅದು ಇರಲಿ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದು ನಮ್ಮ ಕೊಯ್ಲಿನ ಕಾಲದ್ದೇ. ಕಣದಲ್ಲಿ ಕಾಫಿ ಹರಡಬೇಕು, ಕಾರು ಅಡ್ಡ. ಬೆಳಿಗ್ಗೆ ಆರಕ್ಕೆ ಯಾರೋ ಕೀ ತಂದು ಕಾರನ್ನು ಹತ್ತು ಅಡಿ ಸರಿಸಿ ಆಫ್ ಮಾಡುತ್ತಾರೆ. ಅಷ್ಟರಲ್ಲಿ ತಣ್ಣಗಿನ ಎಂಜಿನ್ ಎದ್ದು, ಜಾಸ್ತಿ ಪೆಟ್ರೋಲ್ ಕುಡಿದು, ಬಿಸಿಯಾಗುವ ಮೊದಲೇ ನಿಂತಿರುತ್ತದೆ. ಸುಡದೆ ಉಳಿದ ಪೆಟ್ರೋಲ್, ನೀರಿನ ತೇವ ಎರಡೂ ಆಯಿಲ್ ಸೇರುತ್ತವೆ. ದಿನಾ ಹೀಗೆ ಮಾಡಿದರೆ ಆಯಿಲ್ ಹಾಳು. ರಾತ್ರಿಯೇ ಬೇರೆ ಕಡೆ ನಿಲ್ಲಿಸಿ. ಬೆಳಿಗ್ಗೆ ಸರಿಸಲೇಬೇಕಾದರೆ, ‘ಪಿ’ಗೆ ಹಾಕಿ ಎಂಜಿನ್ ತಾನಾಗಿ ನಿಲ್ಲುವ ತನಕ ಕಾದು ಆಮೇಲೆ ಆಫ್ ಮಾಡಿ.

ಹಂತ 4: ಗ್ಲಾಸ್ ತಿಳಿಯಾಗಲಿ

ಹೊರಗಿನದು ಇಬ್ಬನಿ. ಬಟ್ಟೆಯಿಂದ ಒರೆಸಿ, ವೈಪರ್ ಎರಡು ಸಲ ಆಡಿಸಿ, ಮುಗಿಯಿತು. ಹಂಡೆಯ ಬಿಸಿನೀರು ತಂದು ಸುರಿಯಬೇಡಿ. ಜಲ್ಲಿಕಲ್ಲು ಸಿಡಿದು ಚಿಕ್ಕ ಗಾಯ ಆಗಿದ್ದರೆ ಗ್ಲಾಸ್ ಅಲ್ಲಿಂದಲೇ ಬಿರುಕು ಬಿಡಬಹುದು.

ಒಳಗಿನದು ನಮ್ಮ ಉಸಿರಿನ ತೇವ. ಮುಂದಿನ ಗ್ಲಾಸಿನ ಡಿಫಾಗರ್ ಬಟನ್ ಒತ್ತಿ, ಎಸಿ ಆನ್ ಮಾಡಿ, ಹೊರಗಿನ ಗಾಳಿ ಒಳಬರುವ ಸ್ಥಾನಕ್ಕೆ ಹಾಕಿ. ಚಳಿಯಲ್ಲಿ ಎಸಿಯಾ ಎಂದು ಬಹಳ ಜನ ಕೇಳುತ್ತಾರೆ. ಎಸಿ ಗಾಳಿಯಲ್ಲಿನ ತೇವ ತೆಗೆಯುತ್ತದೆ, ಹೀಟರ್ ಅದೇ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಎರಡೂ ಸೇರಿದರೆ ಮಂಜು ಬೇಗ ಬಿಡುತ್ತದೆ. ಒಳಗಾಳಿಯನ್ನೇ ಸುತ್ತಿಸುವ ಬಟನ್ ಆನ್ ಇದ್ದರೆ ಮಾತ್ರ ಎಷ್ಟು ಹೊತ್ತಾದರೂ ಹೋಗುವುದಿಲ್ಲ.

ಹೀಟರ್ ಬಗ್ಗೆ ಒಂದು ಎಚ್ಚರ. ತಾಪಮಾನವನ್ನು ಕೂಡಲೇ ಗರಿಷ್ಠಕ್ಕೆ ತಿರುಗಿಸಿದರೆ, ಬಿಸಿ ಕೊಡಲಿಕ್ಕೆಂದೇ ಕಾರು ಎಂಜಿನ್ ಓಡಿಸುತ್ತಲೇ ಇರುತ್ತದೆ. ಮೊದಲ ಕೆಲವು ನಿಮಿಷ ಹೇಗೂ ತಣ್ಣನೆ ಗಾಳಿಯೇ ಬರುವುದು. 22–24 ಡಿಗ್ರಿಗೆ ಇಟ್ಟು, ಸ್ವೆಟರ್ ಹಾಕಿಕೊಳ್ಳಿ. ಆದರೆ ಮೈಲೇಜ್ ಉಳಿಸಲೆಂದು ಮಂಜಾದ ಗ್ಲಾಸಿನಲ್ಲೇ ಹೊರಡಬೇಡಿ.

ಹಂತ 5: ಮೊದಲ ನಾಲ್ಕೈದು ಕಿಲೋಮೀಟರ್

ನಿಜವಾದ ಬಿಸಿಯಾಗುವುದು ಇಲ್ಲಿ. ಎಂಜಿನ್ ಜೊತೆಗೆ ಗೇರ್‌ಪೆಟ್ಟಿಗೆ, ಬೇರಿಂಗ್, ಟೈರ್ ಎಲ್ಲವೂ ಬಿಸಿಯಾಗಬೇಕು. ನಿಂತಲ್ಲಿ ಅವು ಬಿಸಿಯಾಗುವುದೇ ಇಲ್ಲ. ತೋಟದ ಮನೆಯಿಂದ ಮುಖ್ಯ ರಸ್ತೆಗೆ ಇರುವ ಮಣ್ಣುದಾರಿ ಇದಕ್ಕೆ ಹೇಳಿ ಮಾಡಿಸಿದ್ದು, ಹೇಗೂ ನಿಧಾನವೇ ಹೋಗಬೇಕಲ್ವಾ.

ಮೊದಲ ಒಂದು ನಿಮಿಷ ವಿಶೇಷವಾಗಿ ಮೃದುವಾಗಿ ಓಡಿಸಿ. ಆ ಹೊತ್ತಿನಲ್ಲಿ ಹಲವು ಹೈಬ್ರಿಡ್‌ಗಳು ಎಂಜಿನ್ನನ್ನು ಬರೀ ಕನ್ವರ್ಟರ್ ಬಿಸಿ ಮಾಡಲು ಬಿಟ್ಟು, ಕಾರನ್ನು ಮೋಟಾರ್‌ನಿಂದ ಎಳೆಸುತ್ತವೆ. ನೀವು ಜೋರಾಗಿ ತುಳಿದರೆ ಎಂಜಿನ್ ಆ ಕೆಲಸ ಬಿಟ್ಟು ಎಳೆಯಲು ಓಡಬೇಕಾಗುತ್ತದೆ. ಮೀಟರ್‌ನ ಮುಳ್ಳು ‘ಎಕೋ’ ಭಾಗದಲ್ಲೇ ಇರಲಿ, ‘ಪವರ್’ಗೆ ಹೋಗದಿರಲಿ. ಕೆಲವು ಕಾರುಗಳಲ್ಲಿ ತಣ್ಣಗಿದೆ ಎಂದು ತೋರಿಸುವ ನೀಲಿ ದೀಪ ಇರುತ್ತದೆ. ಅದು ಆರುವ ತನಕ ಓವರ್‌ಟೇಕ್ ಆಸೆ ಬೇಡ.

ಮಂಜಿನಲ್ಲಿ ಲೋ ಬೀಮ್ ಮತ್ತು ಫಾಗ್ ಲೈಟ್ ಹಾಕಿ. ಹೈ ಬೀಮ್ ಹಾಕಿದರೆ ಕಣ್ಣ ಮುಂದೆ ಬಿಳಿ ಗೋಡೆ ಎದ್ದಂತಾಗುತ್ತದೆ. ನಿಮ್ಮ ಕಾರಿಗೆ ಸದ್ದಿಲ್ಲ ಎನ್ನುವುದನ್ನೂ ಮರೆಯಬೇಡಿ. ತೋಟದ ಕೆಲಸಕ್ಕೆ ಬರುವವರು ರಸ್ತೆ ಬದಿಯಲ್ಲಿ ತಲೆಗೆ ಶಾಲು ಸುತ್ತಿಕೊಂಡು ನಡೆಯುತ್ತಿರುತ್ತಾರೆ, ಕಾರು ಹತ್ತಿರ ಬಂದರೂ ಅವರಿಗೆ ಕೇಳಿಸದು. ದೂರದಿಂದಲೇ ಮೆಲ್ಲಗೆ ಒಂದು ಹಾರ್ನ್ ಕೊಡಿ. ಸಿದ್ದಾಪುರ, ಮಾಲ್ದಾರೆ ಕಡೆ ಎದುರಿಗಿರುವುದು ಆನೆಯಾದರೆ ಹಾರ್ನ್ ಬೇಡವೇ ಬೇಡ. ದೂರದಲ್ಲೇ ನಿಲ್ಲಿ, ‘ರೆಡಿ’ ಆಫ್ ಮಾಡಬೇಡಿ, ಹಿಂದೆ ಹೋಗಲು ಜಾಗ ನೋಡಿಕೊಳ್ಳಿ.

ಹಂತ 6: ಏರು, ಇಳಿಜಾರು

ಬಯಲುಸೀಮೆಯವರಿಗೆ ಬರೆದ ಸಲಹೆಗಳು ನಮಗೆ ಸಾಲದೆ ಹೋಗುವುದು ಇಲ್ಲೇ. ಮನೆಯ ಗೇಟ್ ದಾಟಿದರೆ ಏರು, ಇಲ್ಲವೇ ಇಳಿಜಾರು.

ಮಡಿಕೇರಿಯಿಂದ ಸಂಪಾಜೆ ಕಡೆಗೆ ಹೊರಟಿರಿ ಎನ್ನಿ. ಊರು ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 275 ಬರೀ ಇಳಿಯುತ್ತದೆ. ಇಳಿಯುವಾಗ ಮೋಟಾರ್ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಈ ಬ್ಯಾಟರಿ ಚಿಕ್ಕದು, ಘಾಟ್ ಮುಗಿಯುವ ಮೊದಲೇ ತುಂಬಬಹುದು. ತುಂಬಿದ ಮೇಲೆ ಮೋಟಾರ್ ಬ್ರೇಕ್ ಕಡಿಮೆಯಾಗಿ, ಉಳಿದ ಶಕ್ತಿ ಕರಗಿಸಲು ಕಾರು ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ಸುಮ್ನೆ ತಿರುಗಿಸುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಿದ್ದರೂ ಎಂಜಿನ್ ಕೂಗುತ್ತದಲ್ಲ ಎಂದು ಹೆದರುವವರು ತುಂಬಾ ಜನ. ಅದು ಎಂಜಿನ್ ಬ್ರೇಕ್, ಕೆಟ್ಟದ್ದಲ್ಲ.

ಪೆಟ್ರೋಲ್ ಉರಿಯದ ಕಾರಣ ಇಳಿಜಾರಿನಲ್ಲಿ ಎಂಜಿನ್ ಬಿಸಿಯೇರುವುದೂ ಇಲ್ಲ. ಹೀಟರ್ ಉಗುರುಬೆಚ್ಚಗೇ ಇದ್ದರೆ ಇದೇ ಕಾರಣ. ಇಲ್ಲಿ ಮಾಡಬೇಕಾದ್ದು ಇಷ್ಟು: ಘಾಟ್ ಶುರುವಾಗುವ ಮೊದಲೇ ವೇಗ ಇಳಿಸಿ. ಇಳಿಜಾರಿನಲ್ಲಿ ಕಾರನ್ನು ಹಿಡಿದಿಡುವ ‘ಬಿ’ ಗೇರ್ ಇದ್ದರೆ ಅದಕ್ಕೆ ಹಾಕಿ, ಸ್ಟೀರಿಂಗ್ ಹಿಂದೆ ಅದೇ ಕೆಲಸದ ಚಿಕ್ಕ ಹಿಡಿ (ಪ್ಯಾಡಲ್) ಇದ್ದರೆ ಅದನ್ನು ಬಳಸಿ. ಬ್ರೇಕನ್ನು ಒಂದೇ ಸಮ ಒತ್ತಿಕೊಂಡೇ ಇಳಿಯಬೇಡಿ. ‘ಎನ್’ಗೆ ಹಾಕಿ ಜಾರಿಸುವುದಂತೂ ಖಂಡಿತ ಬೇಡ. ಬಯಲಿಗೆ ಇಳಿದ ಮೇಲೆ ‘ಬಿ’ಯಿಂದ ‘ಡಿ’ಗೆ ಬರಲು ಮರೆಯಬೇಡಿ, ಇಲ್ಲದಿದ್ದರೆ ಮೈಲೇಜ್ ಹೋಗುತ್ತದೆ.

ಮನೆ ಬಿಟ್ಟ ಕೂಡಲೇ ಏರು ಸಿಗುವವರ ಕಥೆ ಬೇರೆ. ತಣ್ಣಗಿನ ಎಂಜಿನ್ ಮೇಲೆ ಭಾರ ಬೀಳುತ್ತದೆ. ಇಂಥವರು ಅರ್ಧ ನಿಮಿಷದ ಬದಲು ಒಂದೆರಡು ನಿಮಿಷ ‘ರೆಡಿ’ಯಲ್ಲಿ ನಿಂತು ಹೊರಟರೆ ನನ್ನ ಆಕ್ಷೇಪ ಇಲ್ಲ. ಕುಶಾಲನಗರದಿಂದ ಮಡಿಕೇರಿಗೆ ಬರುವವರಿಗೆ ಆ ಚಿಂತೆ ಇಲ್ಲ. ಸುಮಾರು 30 ಕಿಲೋಮೀಟರ್ ದಾರಿ, ಗಟ್ಟಿ ಏರು ಸಿಗುವಷ್ಟರಲ್ಲಿ ಕಾರು ಬಿಸಿಯಾಗಿರುತ್ತದೆ.

ಆಯಿಲ್, ಟೈರ್ ಬಗ್ಗೆ ಚುಟುಕಾಗಿ. ಕೈಪಿಡಿ 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಎಂದರೆ ಅದನ್ನೇ ಹಾಕಿಸಿ. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ‘ಗುಡ್ಡಗಾಡು, ದಪ್ಪ ಆಯಿಲ್ ಹಾಕೋಣ ಸರ್’ ಎಂಬ ಸಲಹೆಗೆ ತಲೆಯಾಡಿಸಬೇಡಿ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಆಯಿಲ್‌ನಲ್ಲಿ ಸೇರಿದ ತೇವ ಆರಿಹೋಗಲಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಟೈರ್ ಗಾಳಿ ಪ್ರತಿ ಐದಾರು ಡಿಗ್ರಿ ಇಳಿಕೆಗೆ ಹೆಚ್ಚುಕಡಿಮೆ 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಟೈರ್ ತಣ್ಣಗಿರುವಾಗಲೇ ನೋಡಿಸಿ.

ಹಂತ 7: 12 ವೋಲ್ಟ್ ಬ್ಯಾಟರಿ

ಹೈಬ್ರಿಡ್‌ನಲ್ಲಿ ಎರಡು ಬ್ಯಾಟರಿ. ದೊಡ್ಡದು ಕಾರು ಓಡಿಸಲು. ಚಿಕ್ಕ 12 ವೋಲ್ಟ್‌ದು ಕಂಪ್ಯೂಟರ್, ಲಾಕ್, ದೀಪಗಳಿಗೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ನನ್ನು ತಿರುಗಿಸುವುದು ದೊಡ್ಡ ಬ್ಯಾಟರಿಯೇ. ಆದರೆ ಆ ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದು ಚಿಕ್ಕದು. ಚಿಕ್ಕದು ಸತ್ತರೆ, ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ಇದರಲ್ಲಿ ಒಂದು ಮೋಸ ಇದೆ. ಮಾಮೂಲಿ ಕಾರಿನಲ್ಲಿ ಬ್ಯಾಟರಿ ಸೊರಗಿದರೆ ಬೆಳಿಗ್ಗೆ ಸ್ಟಾರ್ಟರ್ ‘ಯ್ಯಾ... ಯ್ಯಾ...’ ಎಂದು ಎಳೆದು ನಾಲ್ಕು ದಿನ ಮೊದಲೇ ಸೂಚನೆ ಕೊಡುತ್ತದೆ. ಇಲ್ಲಿ ಆ ಸದ್ದೇ ಇಲ್ಲ. ನಿನ್ನೆ ಸರಿಯಿದ್ದ ಕಾರು ಇವತ್ತು ಬಾಗಿಲೂ ತೆಗೆಯುವುದಿಲ್ಲ. ಆದ್ದರಿಂದ ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಮಳೆಗಾಲ ಮುಗಿದ ಕೂಡಲೇ ಪರೀಕ್ಷೆ ಮಾಡಿಸಿ. ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.5 ವೋಲ್ಟ್ ಆಸುಪಾಸು ಇದ್ದರೆ ಚೆನ್ನ, 12ಕ್ಕಿಂತ ಕೆಳಗಿದ್ದರೆ ಕಾಯಬೇಡಿ. ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಊರಿಗೆ ಬರುವವರು, ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ಓಡಿಸುವ ಏರ್ಪಾಡು ಮಾಡಿ. ಡ್ಯಾಶ್‌ಕ್ಯಾಮ್ ಆಫ್ ಇರಲಿ.

ಆದರೂ ಸತ್ತೇಹೋಯಿತು ಎನ್ನಿ. ಕೀಯೊಳಗಿನ ಚಿಕ್ಕ ಲೋಹದ ಕೀ ಎಳೆದು ಬಾಗಿಲು ತೆಗೆಯಿರಿ. ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಕಂಪ್ಯೂಟರ್ ಏಳದೆ ಏನೂ ಏಳದು. ಜಂಪರ್ ಕೇಬಲ್ ಬೇಕು, ಪಕ್ಕದಲ್ಲಿ ಇನ್ನೊಂದು 12 ವೋಲ್ಟ್ ಗಾಡಿ ಬೇಕು. ಕಾಫಿ ಲಾರಿ ಬೇಡ, ಲಾರಿಯದು ಸಾಮಾನ್ಯವಾಗಿ 24 ವೋಲ್ಟ್, ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ಕೇಬಲ್ ಸಿಕ್ಕಿಸುವ ಜಾಗ ಎಲ್ಲಿದೆ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಕೆಂಪು ಕೇಬಲ್‌ನ ಒಂದು ತುದಿ ನಿಮ್ಮ ಪ್ಲಸ್‌ಗೆ, ಇನ್ನೊಂದು ತುದಿ ಆ ಗಾಡಿಯ ಪ್ಲಸ್‌ಗೆ. ಕಪ್ಪು ಕೇಬಲ್ ಮೊದಲು ಆ ಗಾಡಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಕಾರಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ. ಆ ಗಾಡಿಯ ಎಂಜಿನ್ನನ್ನು ನಿಂತಲ್ಲೇ ಐದು ನಿಮಿಷ ಓಡಲು ಬಿಟ್ಟು ನಿಮ್ಮ ಬ್ರೇಕ್ ಒತ್ತಿ, ಬಟನ್ ಒತ್ತಿ. ‘ರೆಡಿ’ ಬಂದರೆ ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕೇಬಲ್ ತೆಗೆಯಿರಿ. ಆಫ್ ಮಾಡದೆ ನೇರ ಬ್ಯಾಟರಿ ಅಂಗಡಿಗೆ ಹೋಗಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.

ಪಕ್ಕದ ಮನೆಯವರು ‘ನಿಮ್ಮದು ದೊಡ್ಡ ಬ್ಯಾಟರಿ ಗಾಡಿ ಅಲ್ವಾ, ನಮ್ಮ ಜೀಪಿಗೆ ಸ್ವಲ್ಪ ಜಂಪ್ ಕೊಡಿ’ ಎಂದು ಬಂದರೆ ಮಾತ್ರ ಒಪ್ಪಬೇಡಿ. ನಿಮ್ಮ 12 ವೋಲ್ಟ್ ಬ್ಯಾಟರಿ ಜೀಪಿನ ಸ್ಟಾರ್ಟರ್ ಎಳೆಯುವಷ್ಟು ಕರೆಂಟ್ ಕೊಡಲು ಮಾಡಿದ್ದಲ್ಲ. ಕೇಬಲ್ ಕೊಟ್ಟು, ಬೇರೆ ಮಾಮೂಲಿ ಕಾರು ಯಾರ ಹತ್ತಿರ ಇದೆ ಎಂದು ತೋರಿಸಿ.